ಮದುವೆ ಫೋಟೋಕ್ಕೆ ಒಂದು ಅಳತೆ

ನಮ್ಮ ಕಾಲುವೆ ಕಚೇರಿಯಲ್ಲಿ ಒಡೆದದ್ದು, ಬಿರಿದದ್ದು, ಕುಸಿದದ್ದು ಏನಿದ್ದರೂ ಅದರ ಫೋಟೋ ತೆಗೆಯುವ ಕೆಲಸ ಅವರದಾಗಿತ್ತು. ಹುದ್ದೆಯಿಂದ ಅವರು ವರ್ಕ್ ಇನ್‌ಸ್ಪೆಕ್ಟರ್. ಹುಣಸಗಿಯ ಸುತ್ತಿನ ಉಪಕಾಲುವೆಗಳ ಏರಿಯ ಮೇಲೆ ಸೈಕಲ್ ತುಳಿಯುತ್ತ ಹೋಗಿ, ಎಲ್ಲಿ ಸಿಮೆಂಟು ಕಿತ್ತಿದೆ, ಎಲ್ಲಿ ತೂಬು ಸೋರುತ್ತಿದೆ ಎಂದು ನೋಡಿ ಬಂದು ವರದಿ ಕೊಡಬೇಕು. ನಾನು ಅದೇ ಕಚೇರಿಯಲ್ಲಿ ಟೈಪಿಸ್ಟ್. ಅವರು ಹೊತ್ತು ತಂದ ಬಿರುಕುಗಳನ್ನೆಲ್ಲ ಹನ್ನೊಂದು ವರ್ಷ ಟೈಪು ಮಾಡಿದವಳು ನಾನೇ. ಅವರು ನನ್ನನ್ನು ‘ತಂಗಿ’ ಎನ್ನುತ್ತಿದ್ದರು. ನಾನು ‘ಅಣ್ಣಾರ’ ಎನ್ನುತ್ತಿದ್ದೆ. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಒಂದು ಮಾತು. “ಅಳತಿ ಇಲ್ದ ಫೋಟೋ ಅಂದ್ರ ಸಾಕ್ಷಿ ಇಲ್ದ ಜಗಳ ಇದ್ದಂಗ, ತಂಗಿ.”

ಕಾಲುವೆಯ ಬಿರುಕನ್ನು ಬರೀ ಬಿರುಕಾಗಿ ತೆಗೆದರೆ ಅದು ಕೂದಲೆಳೆಯೋ ಕಮರಿಯೋ ಗೊತ್ತಾಗುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಕೆಂಪು-ಬಿಳಿ ಪಟ್ಟಿಯ ಅಳತೆಗೋಲು ನಿಲ್ಲಿಸಬೇಕು. ಮುಂದೆ ಸ್ಲೇಟಿನ ಮೇಲೆ ಸ್ಥಳ, ದಿನಾಂಕ, ಕೆಲಸದ ಹೆಸರು, ಸದ್ಯದ ಸ್ಥಿತಿ ಬರೆದಿಡಬೇಕು. ಕೋಲಿನ ತುದಿಯಾಗಲಿ ಬುಡವಾಗಲಿ ಫೋಟೋದಲ್ಲಿ ಕತ್ತರಿಸಿ ಹೋಗಬಾರದು. ಕೆಲಸ ಶುರುವಾಗುವ ಮೊದಲು ಒಂದು, ನಡೆಯುವಾಗ ಒಂದು, ಮುಗಿದ ಮೇಲೆ ಒಂದು. ಇದೇನೂ ಅವರು ಕಂಡುಹಿಡಿದ ನಿಯಮವಲ್ಲ. ಆದರೆ ಉಳಿದವರು ನಿಯಮವನ್ನು ಪಾಲಿಸುತ್ತಿದ್ದರು, ಇವರು ಅದನ್ನು ನಂಬುತ್ತಿದ್ದರು.

ಒಮ್ಮೆ ದೊಡ್ಡ ಸಾಹೇಬರೊಬ್ಬರು ಹೊಸ ತೂಬು ನೋಡಲು ಬಂದರು. ನೋಡಿ ಖುಷಿಯಾಗಿ, ಅದರ ಮುಂದೆ ನಿಂತು ತಮ್ಮದೊಂದು ಫೋಟೋ ತೆಗೆಯಲು ಹೇಳಿದರು. ಇವರು ಸಾಹೇಬರ ಪಕ್ಕದಲ್ಲಿ ಕೋಲು ನಿಲ್ಲಿಸಿ, ಕಾಲ ಬುಡದಲ್ಲಿ ಸ್ಲೇಟು ಇಟ್ಟು, ‘ಸ್ಥಿತಿ: ಎಡಕ್ಕೆ ಸ್ವಲ್ಪ ವಾಲಿದೆ’ ಎಂದು ಬರೆದು ತೆಗೆದರು. ವಾಲಿದ್ದು ತೂಬಿನ ಬಾಗಿಲು. ಫೋಟೋ ನೋಡಿದ ಸಾಹೇಬರಿಗೆ ಹಾಗೆ ಅನ್ನಿಸಲಿಲ್ಲ. ವಿವರಣೆ ಕೇಳಿ ಪತ್ರ ಬಂತು. ಉತ್ತರವನ್ನು ಅವರು ಹೇಳುತ್ತ ಹೋದರು, ನಾನು ಟೈಪು ಮಾಡುತ್ತ ಹೋದೆ: ‘ಸದರಿ ವಾಲುವಿಕೆಯು ಸಾಹೇಬರಿಗೆ ಸಂಬಂಧಿಸಿದ್ದಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ.’ ಅದನ್ನು ಹೇಳುವಾಗ ಅವರು ನಗಲಿಲ್ಲ. ಅವರು ನಗುವುದನ್ನು ನಾನು ಅಷ್ಟಾಗಿ ನೋಡಿಯೇ ಇಲ್ಲ.

ಅಂಥವರು ಒಂದು ಬೆಳಿಗ್ಗೆ ನನ್ನ ಮೇಜಿನ ಮುಂದೆ ಬಂದು ನಿಂತರು.

“ತಂಗಿ, ಸುರಪುರದ ಫೋಟೋದಾಂವ ಕೈ ಎತ್ತಿಬಿಟ್ಟ. ಅದೇ ದಿನ ಬ್ಯಾರೆ ದೊಡ್ಡ ಮದುವಿ ಸಿಕ್ಕಾದಂತ. ನಾನ ತೆಗಿಬೇಕಾಗ್ಯಾದ.”

ಮದುವೆ ಅವರ ಅಕ್ಕನ ಮಗಳದು. ಅಕ್ಕ ಸುರಪುರದಲ್ಲಿದ್ದರು. ಹುಡುಗಿಗೆ ಮೂರು ವರ್ಷವಾದಾಗ ಅಕ್ಕನ ಗಂಡ ತೀರಿಕೊಂಡಿದ್ದ. ಅಲ್ಲಿಂದ ಆ ಹುಡುಗಿಯ ಶಾಲೆ, ಬಟ್ಟೆ, ಜ್ವರ, ಕೊನೆಗೆ ವರ ಹುಡುಕುವುದು, ಎಲ್ಲವನ್ನೂ ನೋಡಿಕೊಂಡವರು ಇವರೇ. ವರ ಶಹಾಪುರ ತಾಲ್ಲೂಕಿನ ಶಿರವಾಳದವನು. ಮದುವೆಗೆ ಆರು ದಿನ ಉಳಿದಿತ್ತು. ಕೈಯಲ್ಲಿದ್ದದ್ದು ಕಚೇರಿಯ ಕ್ಯಾಮೆರಾ ಒಂದೇ.

ಕಚೇರಿಯ ಸಾಮಾನನ್ನು ಸ್ವಂತಕ್ಕೆ ಬಳಸಬೇಕಾದರೆ ಒಪ್ಪಿಗೆ ಬೇಕು. ಎಂಜಿನಿಯರರು, “ಕ್ಯಾಮೆರಾ ನಿನ್ನ ತಾಬಾದಾಗ ಅದ, ನೀನ ನೋಡ್ಕೋ ಹೋಗು” ಅಂದುಬಿಟ್ಟರು. ಅವರು ಅಂದದ್ದು ಸುಮ್ಮನೆ ತೆಗೆದುಕೊಂಡು ಹೋಗು ಎಂಬ ಅರ್ಥದಲ್ಲಿ. ಇವರು ಅದನ್ನು ಆದೇಶವೆಂದೇ ತಿಳಿದು, ತಮಗೆ ತಾವೇ ಒಂದು ಅರ್ಜಿ ಬರೆದುಕೊಂಡರು. ನಾನು ಟೈಪು ಮಾಡಿಕೊಟ್ಟೆ. ಎರಡು ದಿನ ಅದನ್ನು ತಮ್ಮ ಖಾನೆಯಲ್ಲಿ ಇಟ್ಟುಕೊಂಡರು. ಮೂರನೆಯ ದಿನ ನಾನು, “ಏನಾತ್ರಿ ಅಣ್ಣಾರ ಅರ್ಜಿ?” ಎಂದು ಕೇಳಿದರೆ, “ಇನ್ನಾ ಪರಿಶೀಲನಾದಾಗ ಅದ” ಅಂದರು. ಕೊನೆಗೆ ಮಂಜೂರು ಮಾಡಿದರು, ಒಂದು ಷರತ್ತಿನ ಮೇಲೆ: ‘ಸದರಿ ಮದುವೆಯ ಪ್ರತಿಯೊಂದು ಛಾಯಾಚಿತ್ರದಲ್ಲಿಯೂ ಕಾಲುವೆ ಕೆಲಸದ ನಿಯಮದಂತೆ ಅಳತೆ ಹಾಗೂ ಸ್ಲೇಟು ಇರತಕ್ಕದ್ದು. ತಪ್ಪಿದಲ್ಲಿ ಒಪ್ಪಿಗೆ ರದ್ದಾಗುವುದು.’ ಫಿಲ್ಮ್ ರೋಲು ಮಾತ್ರ ತಾವೇ ಕೊಂಡರು.

ನಾನು ಮತ್ತು ನನ್ನ ಗಂಡ ಮದುವೆಯ ದಿನ ಬೆಳಿಗ್ಗೆ ಸುರಪುರಕ್ಕೆ ಹೋದೆವು. ಅವರು ಹೇಳಿ ಹೋಗಿದ್ದಂತೆ ನಾವು ಹತ್ತಿದ ಬಸ್ಸಿನ ಮೇಲೆಯೇ ಕಚೇರಿಯ ಅಳತೆಗೋಲೂ ಬಂತು. ಕಂಡಕ್ಟರ್ ಅದಕ್ಕೆ ಟಿಕೆಟ್ ಹರಿಯಬೇಕೋ ಬೇಡವೋ ಎಂದು ತಿಳಿಯದೆ ಎರಡು ಸಲ ಮೇಲೆ ಹತ್ತಿ ನೋಡಿ ಬಂದ. ಅವರು ಆಗಲೇ ಸುರಪುರದ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದರು. ಎರಡು ದಿನ ಮೊದಲೇ ಊರಿಗೆ ಬಂದು, ಅಳತೆಗೆ ಟೇಪು ಹಾಸಿ, ಹಂದರ ಹಾಕುವ ಮುಂಚಿನ ಖಾಲಿ ಅಂಗಳದ ಫೋಟೋ ತೆಗೆದಿದ್ದರು. ಸ್ಲೇಟಿನಲ್ಲಿ ‘ಕೆಲಸ: ಮದುವೆ. ಸ್ಥಿತಿ: ಪ್ರಾರಂಭವಾಗಿಲ್ಲ.’

ಬಸ್ಸಿನಿಂದ ಕೋಲು ಇಳಿಸಿಕೊಂಡು ನೇರ ಅರಿಷಿಣದ ಕಡೆ ನಡೆದರು. ಮದುಮಗಳನ್ನು ಮಣೆಯ ಮೇಲೆ ಕೂಡ್ರಿಸಿದ್ದರು. ಐದು ಜನ ಮುತ್ತೈದೆಯರಲ್ಲಿ ಒಬ್ಬರು ಕಡಿಮೆ ಬಿದ್ದಿದ್ದರಿಂದ, ಕೈ ತೊಳೆದುಕೊಳ್ಳುವಷ್ಟರಲ್ಲಿ ನನ್ನನ್ನೂ ಎಳೆದುಕೊಂಡರು. ನಾವು ಅರಿಷಿಣ ಹಚ್ಚಲು ಕೈ ಎತ್ತಿದ್ದೇ ತಡ, “ತಡೀರಿ, ಹಚ್ಚೂಕಿಂತ ಮೊದಲಿನದು ಒಂದು ಆಗಬೇಕು” ಎಂದು ಕೋಲನ್ನು ಹುಡುಗಿಯ ಪಕ್ಕಕ್ಕೆ ನಿಲ್ಲಿಸಿದರು. ಆಮೇಲೆ ಒಂದು ಕೆನ್ನೆಗೆ ಹಚ್ಚಿದಾಗ ನಿಲ್ಲಿಸಿ, “ಅರ್ಧ ಕೆಲಸ ಆಗ್ಯಾದ” ಎಂದು ಇನ್ನೊಂದು ತೆಗೆದರು. ಹುಡುಗಿ ಅರ್ಧ ಹಳದಿ ಮುಖದಲ್ಲಿ ನಕ್ಕು ನಕ್ಕು ಮಣೆಯಿಂದ ಜಾರಿದಳು.

“ನಗಬ್ಯಾಡ” ಅಂದರು ಮಾವ. “ನಕ್ಕರ ಅಳತಿ ತಪ್ಪತಾದ.”

ಗಂಡಿನ ಕಡೆಯವರು ಬಂದಿಳಿದಾಗ ತೊಂದರೆ ಶುರುವಾಯಿತು. ವರನ ದೊಡ್ಡಪ್ಪ ಎತ್ತರದ ಆಳು, ದೊಡ್ಡ ರುಮಾಲು. ಹಂದರದೊಳಗೆ ಕಾಲಿಟ್ಟವರು ಕೆಂಪು-ಬಿಳಿ ಕೋಲನ್ನು ಕಂಡು ಅಲ್ಲೇ ನಿಂತುಬಿಟ್ಟರು.

“ಈ ಕೋಲು ಇಲ್ಲಿ ಯಾಕ ಬಂತ್ರಿ?”

“ಫೋಟೋಕ್ಕ ಅಳತಿರಿ.”

“ಇದು ನಮ್ಮ ಹೊಲದಾಗ ಒಮ್ಮಿ ನಿಂತಿತ್ತು. ಮರುವರ್ಷ ಅಲ್ಲಿ ಹೊಲ ಇದ್ದಿದ್ದಿಲ್ಲ, ಕಾಲುವಿ ಇತ್ತು. ಸೊಸಿ ಬಾಜು ಇದನ್ನ ನಿಂದರಸಬ್ಯಾಡ್ರಿ. ನಾಳಿಗಿ ನೋಡಿದ್ರ ಸೊಸಿ ಇರಂಗಿಲ್ಲ.”

ಸುತ್ತಲಿನವರು ನಕ್ಕರು, ದೊಡ್ಡಪ್ಪ ನಗಲಿಲ್ಲ. ಕೋಲು ಹೋಗುವತನಕ ನೀರು ಸಹ ಮುಟ್ಟುವುದಿಲ್ಲ ಎಂದು ಕಂಬಳಿಯ ಮೇಲೆ ಕೂತರು. ಬೀಗರು ನೀರು ಮುಟ್ಟುವುದಿಲ್ಲ ಎಂದರೆ ಮದುವೆ ಮನೆಯಲ್ಲಿ ಉಸಿರು ನಿಲ್ಲುತ್ತದೆ. ಈಗ ಇವರು ನಿಯಮದ ಪುಸ್ತಕವನ್ನೇ ಓದಿ ಹೇಳುತ್ತಾರೆ, ಜಗಳ ಹತ್ತುತ್ತದೆ ಎಂದು ನಾನು ಹೆದರಿದೆ. ಆದರೆ ಇವರು ಕೋಲನ್ನು ಎತ್ತಿಕೊಂಡು ಹೋಗಿ ಎತ್ತಿನ ಕೊಟ್ಟಿಗೆಯಲ್ಲಿ ಮಲಗಿಸಿ ಬಂದರು. ಅಷ್ಟು ಸುಲಭವಾಗಿ ಅವರು ಏನನ್ನೂ ಬಿಟ್ಟುಕೊಟ್ಟದ್ದನ್ನು ನಾನು ಕಂಡಿರಲಿಲ್ಲ.

“ಕೋಲು ಬ್ಯಾಡಂದ್ರ ಬ್ಯಾಡ. ನಿಮ್ಮ ಮಾತು ಖರೇ ಅದ” ಅಂದರು ದೊಡ್ಡಪ್ಪನಿಗೆ. “ಆದ್ರ ಅಳತಿ ಮಾತ್ರ ಬೇಕ ಬೇಕ್ರಿ. ಎತ್ತರ ಗೊತ್ತಿದ್ದದ್ದು ಏನರ ಒಂದು ನಿಂದರಬೇಕು.”

ದೊಡ್ಡಪ್ಪ ಇದಕ್ಕೆ ತಕ್ಷಣ ಒಪ್ಪಿದರು. ಅವರ ಗಾಯವೇ ಅಲ್ಲಿತ್ತು. “ಅಳತಿ ಬೇಕು. ಯಾವನೋ ಬಂದು ನಮ್ಮ ಭಾವಿದು ಅಳತಿ ಇಲ್ದ ಫೋಟೋ ತೆಗೆದ. ಫೋಟೋದಾಗ ಅದು ಬಕೀಟಿನಷ್ಟ ಕಾಣಸ್ತು. ಕಾಗದದಾಗ ‘ಸಣ್ಣ ಗುಂಡಿ’ ಅಂತ ಬರದ್ರು. ನಮ್ಮಪ್ಪ ತೋಡಿಸಿದ ಭಾವಿ ಅದು. ಅಳತಿ ಇಡ್ರಿ, ಕೋಲು ಬ್ಯಾಡ.”

ಹಾಗಾದರೆ ಏನು ನಿಲ್ಲಿಸುವುದು? ಒಬ್ಬರು ಬಾಳೆಕಂಬ ಅಂದರು. ಅದು ಬಾಗುತ್ತದೆ ಎಂದು ಬಿಟ್ಟರು. ಇನ್ನೊಬ್ಬರು ನೀರಿನ ಹಂಡೆ ಅಂದರು. ಅದನ್ನು ಖಾಲಿ ಇಡುವಂತಿಲ್ಲ, ತುಂಬಿದರೆ ಎತ್ತುವಂತಿಲ್ಲ. ನನ್ನ ಗಂಡ ಐದು ಅಡಿ ಆರು ಇಂಚು, ಅದು ಅವರ ನೌಕರಿಯ ಕಾಗದದಲ್ಲೇ ಇದೆ ಎಂದು ಯಾರೋ ಅವರನ್ನು ತಂದು ನಿಲ್ಲಿಸಿದರು. ಎರಡು ನಿಮಿಷ ನಿಂತರು. ಚಹಾದ ತಟ್ಟೆ ಬಂದದ್ದೇ ಅಳತೆ ಅದರ ಹಿಂದೆ ಹೋಯಿತು.

“ಬ್ಯಾರೆ ಕೆಲಸ ಇಲ್ದವರು ಬೇಕು” ಅಂದರು ಇವರು. “ಈ ಮದುವ್ಯಾಗ ಯಾವ ಕೆಲಸಕ್ಕೂ ಯಾರೂ ಕರೀದವರು.”

ಹೇಳಿ, ಒಳಗೆ ನಡೆದರು. ಎಲ್ಲಿಗೆ ಹೊರಟರೆಂದು ನನಗೆ ಗೊತ್ತಾಯಿತು. ಹಿಂದೆಯೇ ಹೋದೆ.

ಬೆಲ್ಲದ ಡಬ್ಬಿ, ಕಾಯಿಯ ಚೀಲ ಇಟ್ಟಿದ್ದ ಕತ್ತಲು ಕೋಣೆಯಲ್ಲಿ ಅವರ ಅಕ್ಕ ಗೋಡೆಗೆ ಒರಗಿ ಕೂತಿದ್ದರು. ನಸುಕಿನಿಂದ ಅಲ್ಲೇ ಇದ್ದರಂತೆ. ಮಗಳ ಅರಿಷಿಣದ ಹೊತ್ತಿನಲ್ಲಿ ವಿಧವೆ ತಾಯಿ ಎದುರಿಗೆ ಬರಬಾರದು ಎಂದು ಯಾರೂ ಅವರಿಗೆ ಹೇಳಬೇಕಾಗಿರಲಿಲ್ಲ. ತಾವೇ ಬಂದು ಕೂತಿದ್ದರು.

“ಅಕ್ಕ, ಏಳು. ನೀ ಬರೋಬ್ಬರಿ ಐದು ಅಡಿ ಅದೀದಿ. ಅಳತಿಗಿ ನಿಂದರಬೇಕು.”

“ನಿನಗ ತಲಿ ಕೆಟ್ಟಾದೇನು? ನಾ ವಲ್ಲೆ. ಮಂದಿ ಏನಂದಾರು.”

ಆಗ ನಾನು ಒಂದು ಮಾತು ಆಡಿದೆ. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ, ಉಗುರಿನಲ್ಲಿ ಇನ್ನೂ ಆ ಹುಡುಗಿಯ ಅರಿಷಿಣ. ಅಷ್ಟೆಲ್ಲ ಇಟ್ಟುಕೊಂಡು ಅಂದೆ: “ಬ್ಯಾಡ್ರಿ ಅಣ್ಣಾರ. ಅಕ್ಕಾರನ್ನ ಯಾಕ ಮಂದಿ ಬಾಯಾಗ ಹಾಕತೀರಿ? ಒಂದು ದಿನದ ಮಾತು, ಇಲ್ಲೇ ಕುಂಡರಲಿ.”

ಅವರು ನನ್ನ ಕಡೆ ತಿರುಗಿದರು. ಸಿಟ್ಟಾಗಲಿಲ್ಲ. “ನಿಮ್ಮ ತಕರಾರು ಬರದು ಕೊಡ್ರಿ ತಂಗಿ. ಪರಿಶೀಲಿಸ್ತೀನಿ” ಎಂದು ಹೇಳಿ, ಅಕ್ಕನ ರಟ್ಟೆ ಹಿಡಿದು ಎಬ್ಬಿಸಿದರು.

ಹಂದರದಲ್ಲಿ ಮೊದಲು ಎದ್ದವರು ಮನೆತನದ ಹಿರಿಯ ಅತ್ತೆ. “ಶುಭಕಾರ್ಯದಾಗ ಇಕಿನ್ನ ಯಾಕ ಕರಕೊಂಡು ಬಂದಿ?”

“ಆಕಿ ಮದುವಿಗಿ ಬಂದಿಲ್ಲ ಅತ್ತಿ” ಅಂದರು ಇವರು. “ಅಳತಿಗಿ ಬಂದಾಳ.”

ಶಕುನ, ಅಪಶಕುನ ಎಲ್ಲ ಮನುಷ್ಯರಿಗೆ. ಅಳತೆಗೆ ಏನು ಹೇಳುವುದು? ಅತ್ತೆ ನ್ಯಾಯಕ್ಕಾಗಿ ಬೀಗರ ದೊಡ್ಡಪ್ಪನ ಕಡೆ ನೋಡಿದರು. ದೊಡ್ಡಪ್ಪ ಬಹಳ ಹೊತ್ತು ವಿಚಾರ ಮಾಡಿದರು. ಕೋಲನ್ನು ಬೇಡವೆಂದವರು ಅವರೇ. ಅಳತೆ ಬೇಕೆಂದವರೂ ಅವರೇ.

“ಎತ್ತರ ಖಾತ್ರಿ ಅದನ?” ಎಂದು ಕೇಳಿದರು.

“ಐದು ಅಡಿರಿ. ಮುಂಜಾನಿ ಟೇಪು ಹಿಡದು ನೋಡೀನಿ.”

“ಹಂಗಾದ್ರ ನಿಂದರಲಿ.” ನೀರು ತರಿಸಿ ಕುಡಿದರು.

ಮಧ್ಯಾಹ್ನದ ಹೊತ್ತಿಗೆ ದೊಡ್ಡಪ್ಪನೇ ಇಡೀ ಮದುವೆಯ ಅಳತೆಯ ಉಸ್ತುವಾರಿ ವಹಿಸಿಕೊಂಡಿದ್ದರು. ಮದುಮಕ್ಕಳಿಗೆ ನೀರೆರೆಯಲು ಸುರಗಿಯ ನಾಲ್ಕು ತಂಬಿಗೆ ಇಟ್ಟು ನೂಲು ಸುತ್ತುವಾಗ, “ಅಳತಿ ಎಲ್ಲಿ? ಅಳತಿ ಕರೀರಿ” ಎಂದು ಕೂಗಿದರು. ಬಾಸಿಂಗ ಕಟ್ಟುವಾಗ ಅಕ್ಕ ಮೆಲ್ಲಗೆ ಹಿಂದೆ ಸರಿದರೆ, “ಅಳತಿ ಸರಿಬಾರದು” ಎಂದು ಗದರಿದರು. ಅಕ್ಕ ನಿಂತಲ್ಲಿ ನೆಟ್ಟಗೆ, ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು, ಕಣ್ಣು ಮುಂದೆ ನೆಟ್ಟು ನಿಲ್ಲುತ್ತಿದ್ದರು. ನನಗೆ ಸ್ಲೇಟು ಬರೆಯುವ ಕೆಲಸ ಬಿತ್ತು. ‘ಕೆಲಸ: ಬಾಸಿಂಗ. ಸ್ಥಿತಿ: ತೃಪ್ತಿಕರ’ ಎಂದು ನನ್ನ ಕೈಯಾರೆ ಬರೆದೆ.

ತಾಳಿ ಕಟ್ಟಿ ಅಕ್ಷತೆ ಹಾಕುವ ಅಕ್ಕಿಕಾಳಿನ ಹೊತ್ತು ಬಂತು. ಮದುಮಗಳ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು. ಸೋದರಮಾವ ಕ್ಯಾಮೆರಾದ ಹಿಂದೆ ಒಂದು ಕಣ್ಣು ಮುಚ್ಚಿ ನಿಂತಿದ್ದರು.

“ಈಗರ ಬಾ” ಅಂದರು ಅತ್ತೆ. “ಅದು ನೀ ನಿಂದರೋ ಜಾಗ.”

“ನಾ ಡ್ಯೂಟಿ ಮ್ಯಾಲ ಅದೀನಿ ಅತ್ತಿ. ಆ ಜಾಗಾದಾಗ ಅಳತಿ ನಿಂದರತಾದ.”

ಹೀಗೆ ಅಕ್ಕ ಮಗಳ ಬೆನ್ನ ಹಿಂದೆ ಬಂದು ನಿಂತರು. ವರ ತಾಳಿ ಎತ್ತಿದಾಗ ಇವರು ಕೈ ತೋರಿಸಿ ತಡೆದರು: “ಒಂದ ನಿಮಿಷ. ಕೆಲಸ ನಡದಾಗಿನದು.” ಮಂತ್ರ ಹೇಳುತ್ತಿದ್ದ ಸ್ವಾಮಿಗಳು ಮುಹೂರ್ತ ಮೀರುತ್ತದೆ ಎಂದು ಚಡಪಡಿಸಿದರು. ವರ ತಾಳಿಯ ದಾರವನ್ನು ಗಾಳಿಯಲ್ಲಿ ಹಿಡಿದುಕೊಂಡು ಅಲುಗಾಡದೆ ನಿಂತ. ಅಷ್ಟರಲ್ಲಿ ಮದುಮಗಳು ತಗ್ಗಿಸಿದ ತಲೆ ಎತ್ತದೆಯೇ ಒಂದು ಕೈಯನ್ನು ಹಿಂದಕ್ಕೆ ಚಾಚಿ ತಾಯಿಯ ಸೆರಗು ಹಿಡಿದುಕೊಂಡಳು. ಅಕ್ಕನ ಕಣ್ಣಿಂದ ನೀರು ಇಳಿಯಿತು. ಅಳತೆ ಅಲುಗಾಡಬಾರದೆಂದು ಒರೆಸಿಕೊಳ್ಳಲೂ ಇಲ್ಲ.

“ಅಳತಿ ಅಳಾಕತ್ತಾದಲ್ರಿ” ಎಂದು ಹಿಂದಿನಿಂದ ಯಾರೋ ಅಂದರು.

“ಅಳಲಿ” ಅಂದರು ಇವರು, ಕಣ್ಣು ತೆಗೆಯದೆ. “ಎತ್ತರ ಕಮ್ಮಿ ಆಗಂಗಿಲ್ಲ.”

ಫೋಟೋಗಳನ್ನು ಯಾದಗಿರಿಯಲ್ಲಿ ತೊಳೆಸಿದರು. ಆಲ್ಬಮ್ ಮೊದಲು ಬಂದದ್ದು ನನ್ನ ಮೇಜಿಗೆ, ಪ್ರತಿ ಫೋಟೋದ ಕೆಳಗೆ ಅಂಟಿಸುವ ಚೀಟಿ ಟೈಪು ಮಾಡಲು. ಅಂಥ ಮದುವೆಯ ಆಲ್ಬಮ್ಮನ್ನು ನಾನು ಮತ್ತೆ ನೋಡಿಲ್ಲ. ಖಾಲಿ ಅಂಗಳ. ಹಂದರದ ಗುಂಡಿಗಳು. ಒಲೆಯ ಕಲ್ಲು. ಮನೆಯ ಹಿಂದಿನ ಗೋಡೆಯಲ್ಲಿ ಕಂಡ ಒಂದು ಬಿರುಕು; ಅದನ್ನು ಬಿಟ್ಟುಬರಲು ಅವರಿಗೆ ಮನಸ್ಸಾಗಿರಲಿಲ್ಲ. ಬುಂದೆಯ ರಾಶಿ ಊಟಕ್ಕೆ ಮುಂಚೆ, ಊಟದ ಮೇಲೆ. ಇನ್ನು ಮದುವೆಯ ಫೋಟೋಗಳಲ್ಲಿ ವರ ಎಡಗಡೆ ಅರ್ಧಕ್ಕೆ ಕತ್ತರಿಸಿ ಹೋಗಿದ್ದ. ಸ್ವಾಮಿಗಳದು ಕೈ ಮಾತ್ರ ಇತ್ತು. ಮದುಮಗಳ ಬಾಸಿಂಗದ ತುದಿ ಮೇಲೆ ಹಾರಿಹೋಗಿತ್ತು. ಎಲ್ಲದರಲ್ಲೂ ನಟ್ಟನಡುವೆ, ತಲೆಯಿಂದ ಪಾದದವರೆಗೆ ಒಂದಿಷ್ಟೂ ಕಡಿಯದೆ ಇದ್ದವರು ಅಕ್ಕ ಒಬ್ಬರೇ.

“ಗಂಡಿನವರು ಒಪ್ಪತಾರೇನ್ರಿ ಅಣ್ಣಾರ?” ಎಂದು ಕೇಳಿದೆ.

“ಯಾಕ ಒಪ್ಪಂಗಿಲ್ಲ? ಅಳತಿಯ ತಲಿ, ಬುಡ ಎಲ್ಲೂ ಕಡದಿಲ್ಲ.”

ಶಿರವಾಳದಲ್ಲಿ ವರನ ತಾಯಿ ಆಲ್ಬಮ್ ನೋಡಿ, ಇದು ಯಾರ ಮದುವೆ ಎಂದು ಕೇಳಿದರಂತೆ. ದೊಡ್ಡಪ್ಪ ಮಾತ್ರ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿ, “ಎಲ್ಲಾ ಬರೋಬ್ಬರಿ ಅದಾವ. ಇನ್ನ ಈ ಮದುವಿ ಆಗಿಲ್ಲಂತ ಯಾವ ಆಫೀಸಿನಾಗೂ ಹೇಳಾಕ ಬರಂಗಿಲ್ಲ” ಎಂದು ತೀರ್ಪು ಕೊಟ್ಟರಂತೆ. ಅದು ಅಲ್ಲಿಗೆ ನಿಲ್ಲಲಿಲ್ಲ. ಮರುವರ್ಷ ಅವರ ಬಳಗದಲ್ಲಿ, ವನದುರ್ಗದ ಕಡೆ ಒಂದು ಮದುವೆಯಾಯಿತು. ಸ್ಟುಡಿಯೋದ ಫೋಟೋದವನು ಬಂದು ಲೈಟು ಹಚ್ಚಿ ತಯಾರಾಗಿ ನಿಂತರೆ, ದೊಡ್ಡಪ್ಪ ಅಳತೆ ಇಲ್ಲದೆ ತೆಗೆಯಗೊಡಲಿಲ್ಲ. ಆ ಮನೆಯಲ್ಲಿ ವರನ ಚಿಕ್ಕಮ್ಮ ವಿಧವೆ. ಆಕೆಯನ್ನು ಕರೆಸಿ ಟೇಪು ಹಿಡಿದು ನೋಡಿ ನಿಲ್ಲಿಸಿದರು. ಫೋಟೋದವನು ಇದು ಇವರ ಮನೆತನದ ರಿವಾಜು ಎಂದು ತಿಳಿದು ಸುಮ್ಮನಾದ. ಆಮೇಲೆ ಅದು ನಿಜಕ್ಕೂ ಅವರಲ್ಲಿ ರಿವಾಜಾಗಿಯೇ ಕೆಲವು ವರ್ಷ ನಡೆಯಿತು.

ಅವರ ನಿವೃತ್ತಿಯ ದಿನ, ಹಾರ ಹಾಕಿ ಚಹಾ ಕುಡಿದು ಎಲ್ಲರೂ ಹೋದ ಮೇಲೆ, ನಾನು ಕೇಳಬೇಕೆಂದಿದ್ದನ್ನು ಕೇಳಿದೆ. ದೊಡ್ಡಪ್ಪ ತಮ್ಮ ಭಾವಿಯ ಬಗ್ಗೆ ಬರೆದ ತಕರಾರು ನಮ್ಮ ಕಚೇರಿಗೇ ಬಂದಿತ್ತು. ಅದರ ಉತ್ತರ ಟೈಪು ಮಾಡಿದವಳು ನಾನು, ಓದಿ ಸರಿನೋಡಿದವರು ಅವರು. ಆ ಮನುಷ್ಯ ಕೋಲನ್ನು ಕಂಡರೆ ಉರಿಯುತ್ತಾನೆಂದು ಅವರಿಗೆ ಮೊದಲೇ ಗೊತ್ತಿತ್ತು.

“ಗೊತ್ತಿದ್ದೂ ಕೋಲು ಯಾಕ ಒಯ್ದಿರಿ ಅಣ್ಣಾರ? ಅಕ್ಕಾರನ್ನ ನಿಂದರಸಬೇಕಂತ ಮೊದಲ ಠರಾವು ಮಾಡಿದ್ರೇನು?”

ಅವರು ಕೊರಳಿನ ಹಾರದಿಂದ ಒಂದು ಎಸಳು ಕಿತ್ತು ನೋಡುತ್ತ ಕೂತರು. “ಷರತ್ತು ಟೈಪ್ ಮಾಡಿದವರು ನೀವು. ನಿಯಮ ಇದ್ದಂಗ ನಾ ಮಾಡೀನಿ” ಅಂದರು. ಕೋಣೆಯಲ್ಲಿ ನಾನು ಆಡಿದ್ದ ಮಾತನ್ನು ಅಂದೂ ಎತ್ತಲಿಲ್ಲ, ಎಂದೂ ಎತ್ತಲಿಲ್ಲ. ಅದನ್ನು ಎತ್ತಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅದಾದ ಕೆಲವು ವರ್ಷಕ್ಕೆ ನನ್ನ ಗಂಡ ಹೋದರು. ಮತ್ತೆ ಮೂರು ವರ್ಷಕ್ಕೆ ಶಹಾಪುರದ ಒಂದು ಮಂಟಪದಲ್ಲಿ ನನ್ನ ಮಗಳ ಮದುವೆಯಾಯಿತು. ನಾನು ಇಪ್ಪತ್ತೈದು ವರ್ಷ ಸರ್ಕಾರಿ ನೌಕರಿ ಮಾಡಿದ ಹೆಂಗಸು. ಮದುವೆಯ ಚೀಟಿ ಬರೆಸಿದವಳು, ಮಂಟಪ ಹಿಡಿದವಳು, ಅಡಿಗೆಯವರನ್ನು ಗೊತ್ತು ಮಾಡಿದವಳು ನಾನೇ. ಆದರೆ ಅಕ್ಕಿಕಾಳಿನ ಹೊತ್ತಿಗೆ ನೋಡಿದರೆ ಸಾಮಾನಿನ ಕೋಣೆಯಲ್ಲಿ, ಸೀರೆಯ ಪೆಟ್ಟಿಗೆಗಳ ನಡುವೆ ಕೂತಿದ್ದೆ. ಹೋಗು ಎಂದು ಯಾರೂ ಹೇಳಿರಲಿಲ್ಲ.

ಬಾಗಿಲ ಸಂದಿಯಿಂದ ಅವರ ದನಿ ಕೇಳಿಸಿತು, ಇಣುಕಿ ನೋಡಿದೆ. ಹುಣಸಗಿಯಿಂದ ಬಂದಿದ್ದರು. ತಲೆಯೆಲ್ಲ ಬೆಳ್ಳಗಾಗಿತ್ತು. ಇಬ್ಬರು ಹುಡುಗರು ದೊಡ್ಡ ದೊಡ್ಡ ಲೈಟು ನಿಲ್ಲಿಸಿಕೊಂಡು ಫೋಟೋಕ್ಕೆ ಸಜ್ಜಾಗಿದ್ದರು. ಇವರು ಅವರ ಹತ್ತಿರ ಹೋಗಿ ನಿಂತಿದ್ದರು.

“ಅಳತಿ ಏನು ಇಟ್ಕೊಂಡೀರಿ?”

“ಯಾತರ ಅಳತಿರಿ ಅಜ್ಜಾರ?”

“ಫೋಟೋದಾಗ ಎತ್ತರ ತಿಳಿಬೇಕಲ್ಲ. ಒಬ್ಬರನ್ನ ನಿಂದರಸಬೇಕು.”

“ಈಗ ಅವೆಲ್ಲ ಬೇಕಾಗಂಗಿಲ್ರಿ. ಎತ್ತರ ಬೇಕಂದ್ರ ನಾವು ಕಂಪ್ಯೂಟರಿನಾಗ ಮಾಡ್ತೀವಿ.”

“ಸ್ಲೇಟು?”

“ಹೆಸರು, ತಾರೀಖು ಎಲ್ಲಾ ತಾನ ಬರತಾವರಿ. ನೀವು ಸ್ವಲ್ಪ ಬಾಜು ಸರೀರಿ, ಲೈಟಿಗಿ ಅಡ್ಡ ಆಗಾಕತ್ತೀರಿ.”

ಅವರು ಬಾಜು ಸರಿದರು. ಆಮೇಲೆ ನಾನಿದ್ದ ಕೋಣೆಯ ಬಾಗಿಲು ತೆರೆಯಿತು. ಹೊಸ್ತಿಲ ಮೇಲೆ ನಿಂತು ಪೆಟ್ಟಿಗೆಗಳನ್ನು ನೋಡಿದರು, ನನ್ನನ್ನು ನೋಡಿದರು. ಹೇಳಲು ಏನೋ ಹುಡುಕುತ್ತಿದ್ದರು. ಮಾತು ಸಿಗದೆ ಅವರು ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ತಂಗಿ, ಹೊರಗ ವಿಚಾರಿಸಿದೆ” ಅಂದರು ಕೊನೆಗೆ. “ನಿಯಮ ಯಾವುದೂ ಸಿಗಲಿಲ್ಲ. ಸುಮ್ನ ಬರ್ರಿ.”

ಎದ್ದು ಸುಮ್ಮನೆ ಹೋದೆ. ಅಕ್ಕಿಕಾಳು ಬೀಳುವಾಗ ಮಗಳ ಪಕ್ಕದಲ್ಲಿ ನಿಂತಿದ್ದೆ. ಯಾರಾದರೂ ಏನಾದರೂ ಅಂದಿರಬಹುದು. ಬಾಜಾದ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.